ಕಾಗದ ಏನು ಹೇಳುತ್ತದೆ

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ ಯಾರೂ ನಂಬುವಂತಿರಲಿಲ್ಲ. ದಿನವಿಡೀ ಬರೆಯುತ್ತಿದ್ದದ್ದೇ ಇಂಗ್ಲಿಷ್. ಕೇಸ್ ಶೀಟ್, ಡ್ರಗ್ ಚಾರ್ಟ್, ಇನ್‌ಟೇಕ್ ಔಟ್‌ಪುಟ್, ನೈಟ್ ಡ್ಯೂಟಿ ಮುಗಿಸಿ ಕೊಡುವ ಹ್ಯಾಂಡೋವರ್, ಎಲ್ಲವೂ ಅದರಲ್ಲೇ. ಆದರೆ ಅದು ಪೂರ್ತಿ ವಾಕ್ಯವೇ ಇಲ್ಲದ ಇಂಗ್ಲಿಷ್. ಜ್ವರ ಇಲ್ಲ, ನೋವು ಕಡಿಮೆ, ಡ್ರೆಸಿಂಗ್ ಆಯಿತು, ಡಾಕ್ಟರಿಗೆ ತಿಳಿಸಿದೆ. ಮೂರು ಮೂರು ಪದದಲ್ಲಿ ಒಂದು ರಾತ್ರಿಯನ್ನೇ ಮುಗಿಸಿಬಿಡುವ ಭಾಷೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದ್ದೆ, ಅದರಲ್ಲೇ ಬೈಸಿಕೊಂಡಿದ್ದೆ, ಅದರಲ್ಲೇ ಹೊಸ ಹುಡುಗಿಯರಿಗೆ ಕಲಿಸಿಯೂ ಇದ್ದೆ. ಅಂಥವಳ ಮುಂದೆ 800 ಪದಗಳ ಲೇಖನವೊಂದನ್ನು ಇಟ್ಟು, ಇದನ್ನು ಬರೆದವರ ಮನಸ್ಸಿನಲ್ಲಿ ಏನಿದೆ ಹೇಳು ಎಂದು ಕೇಳಿದ್ದು ಓಇಟಿ.

ನರ್ಸುಗಳಿಗೆ ಈ ಮೂರಕ್ಷರ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ: ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್. ಹೊರದೇಶಗಳಿಂದ ಬಂದ ಡಾಕ್ಟರು, ನರ್ಸುಗಳ ಇಂಗ್ಲಿಷ್ ಅಳೆಯಲು 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಪರೀಕ್ಷೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಟಿಮ್ ಮೆಕ್‌ನಮಾರ ಅದಕ್ಕೆ ಆಕಾರ ಕೊಟ್ಟವರಲ್ಲಿ ಮುಖ್ಯರು. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ, 2017ರ ನವೆಂಬರಿನಿಂದ ಇದನ್ನು ಒಪ್ಪಿಕೊಂಡಿತು. ಅದಕ್ಕೆ ಮುಂಚೆ ಅಲ್ಲಿಗೆ ಹೋಗಬೇಕೆನ್ನುವ ನರ್ಸು ಐಇಎಲ್‌ಟಿಎಸ್ ಬರೆದು ತಿಮಿಂಗಿಲದ ಬಗ್ಗೆಯೋ ರೋಮಿನ ರಸ್ತೆಗಳ ಬಗ್ಗೆಯೋ ಓದಬೇಕಾಗುತ್ತಿತ್ತು. ಓಇಟಿಯಲ್ಲಿ ಬರುವುದೆಲ್ಲ ನಮ್ಮ ಮನೆಯ ಮಾತು: ಗಾಯ, ಸೋಂಕು, ಔಷಧಿ, ವಾರ್ಡು. ಹಾಗಂತ ಸುಲಭ ಅಂದುಕೊಂಡವರೇ ಹೆಚ್ಚು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಹೀಗೆ ನಾಲ್ಕು ಭಾಗ. ಒಂದೊಂದಕ್ಕೂ 500ರ ಲೆಕ್ಕದಲ್ಲಿ ಅಂಕ, 350 ಬಂದರೆ ಬಿ ಗ್ರೇಡ್. ಎನ್‌ಎಂಸಿ ಬರವಣಿಗೆಯಲ್ಲಿ ಸ್ವಲ್ಪ ಸಡಿಲ ಬಿಟ್ಟರೂ ಓದಿನಲ್ಲಿ ಬಿ ಬೇಕೇ ಬೇಕು. ಆಗ ಶುಲ್ಕ 587 ಆಸ್ಟ್ರೇಲಿಯನ್ ಡಾಲರ್ ಇತ್ತು. ನಮ್ಮ ದುಡ್ಡಿನಲ್ಲಿ 30 ಸಾವಿರ ದಾಟುತ್ತಿತ್ತು, ನನ್ನ ಒಂದು ತಿಂಗಳ ಸಂಬಳ ಅಲ್ಲಿಗೆ ಸರಿಹೋಗುತ್ತಿತ್ತು.

ಕೋವಿಡ್ ಎರಡನೇ ಅಲೆ ಇಳಿದ ಮೇಲೆ ನಮ್ಮ ವಾರ್ಡಿನಲ್ಲಿ ಒಬ್ಬೊಬ್ಬರೇ ಕಾಣೆಯಾಗತೊಡಗಿದರು. ಇವತ್ತು ಪಕ್ಕದಲ್ಲಿ ನಿಂತು ಲೈನ್ ಹಾಕುತ್ತಿದ್ದವಳು ಮುಂದಿನ ತಿಂಗಳು ಬರ್ಮಿಂಗ್‌ಹ್ಯಾಮಿನಿಂದ ಫೋಟೋ ಹಾಕುತ್ತಿದ್ದಳು. ಹೋದವರಲ್ಲಿ ಮುಕ್ಕಾಲು ಪಾಲು ಕೇರಳದವರು. ಅಲ್ಲಿ ನರ್ಸಿಂಗ್ ಓದುವ ಹುಡುಗಿಗೆ ಮನೆಯಲ್ಲೇ ಯಾರಾದರೊಬ್ಬ ಚಿಕ್ಕಮ್ಮ ದಾರಿ ಹೇಳಿಕೊಡಲು ಇರುತ್ತಾಳೆ. ಕೆಂಪಾಪುರದಲ್ಲಿ ನನಗೆ ಅಂಥ ಚಿಕ್ಕಮ್ಮ ಇರಲಿಲ್ಲ. ಇದ್ದದ್ದು ಒಬ್ಬ ಸೋದರಮಾವ. ಅವರಿಗೆ ಇಂಗ್ಲಿಷ್ ಬಾರದು.

ಕೆಂಪಾಪುರ ಅಂದ ಕೂಡಲೇ ಬೆಂಗಳೂರಿನವರು ಹೆಬ್ಬಾಳದ ಕಡೆ ಕೈ ತೋರಿಸುತ್ತಾರೆ. ನಮ್ಮದು ಅದಲ್ಲ, ಮಾಗಡಿ ತಾಲ್ಲೂಕಿನದು. ಕೆಲಸ ಬಿಟ್ಟು, ಮಗುವನ್ನು ಕರೆದುಕೊಂಡು, ಓದುವ ನೆಪದಲ್ಲಿ ತವರಿಗೆ ಬಂದಾಗ ಮನೆಯಲ್ಲಿ ಹುಳ ಸಾಕಿದ್ದರು. ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಡುವ ಜ್ವರದಿಂದ ಎದ್ದ ಮೇಲೆ ಹಣ್ಣಾಗುವವರೆಗೆ ಸುಮಾರು ಒಂದು ವಾರ ಮನೆಯವರಿಗೆ ನಿದ್ದೆ ಇರುವುದಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು, ಇಲ್ಲವಾದರೆ ಗೂಡು ತೆಳ್ಳಗಾಗುತ್ತದೆ, ರಾಮನಗರದ ಮಾರುಕಟ್ಟೆಯಲ್ಲಿ ಹರಾಜಿಗೆ ಬಂದವನು ಮುಖ ತಿರುಗಿಸುತ್ತಾನೆ. ಹಾಗಾಗಿ ನನ್ನ 60 ನಿಮಿಷದ ಪರೀಕ್ಷೆ ಎರಡು ಸೊಪ್ಪಿನ ನಡುವೆ ನಡೆಯಬೇಕಿತ್ತು. ಫೋನಿನಲ್ಲಿ ಟೈಮರ್ ಇಟ್ಟು ಪಡಸಾಲೆಯಲ್ಲಿ ಕೂತರೆ, ತಟ್ಟೆ ತಟ್ಟೆಯಲ್ಲಿ ಹುಳ ಸೊಪ್ಪು ತಿನ್ನುವ ಸದ್ದು ಒಳಗಿನಿಂದ ಒಂದೇ ಸಮನೆ ಕೇಳುತ್ತಿತ್ತು. ಪರೀಕ್ಷೆಯ ಹಾಲಿನ ಎಸಿ ಸದ್ದಿಗಿಂತ ಅದೇ ವಾಸಿ ಅಂತ ಆಮೇಲೆ ಅನ್ನಿಸಿತು.

ಬರುವ ಮೊದಲು ಬೆಂಗಳೂರಿನಲ್ಲಿ ಒಂದು ಕೋಚಿಂಗಿಗೂ ಹೋಗಿದ್ದೆ. ಫೀಸು ಚೆನ್ನಾಗಿಯೇ ಕಿತ್ತುಕೊಂಡರು. ಅಲ್ಲಿ ಹೇಳಿಕೊಟ್ಟದ್ದು ಒಂದೇ ಮಂತ್ರ: ಪ್ರಶ್ನೆಯಲ್ಲಿರುವ ಕೀವರ್ಡಿಗೆ ಗೆರೆ ಎಳೆ, ಅದೇ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು, ಅಕ್ಕಪಕ್ಕ ಓದು, ಉತ್ತರ ಅಲ್ಲೇ ಇರುತ್ತದೆ. ಈ ಮಂತ್ರ ನನಗೆ ಹೊಸದೇನೂ ಅಲ್ಲ. ನಾವು ಕನ್ನಡ ಮೀಡಿಯಂ ಸರ್ಕಾರಿ ಶಾಲೆಯವರು, ನಮ್ಮ ಕಾಲಕ್ಕೆ ಎಬಿಸಿಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ಒಂದನೇ ಕ್ಲಾಸಿಗೆ ಇಂಗ್ಲಿಷ್ ಬಂದದ್ದು 2007ರ ನಂತರ. ಎಸ್ಸೆಸ್ಸೆಲ್ಸಿಯಲ್ಲಿ ಪ್ಯಾಸೇಜ್ ಕೊಟ್ಟರೆ ಪಾಸಾಗುವ ದಾರಿಯೇ ಇದಾಗಿತ್ತು. ಪ್ರಶ್ನೆಯಲ್ಲಿ ಯಾವ ಪದ ಇದೆಯೋ ಆ ಪದ ಇರುವ ಸಾಲನ್ನು ಪೂರ್ತಿ ಎತ್ತಿ ಬರೆದರೆ ಮಾರ್ಕ್ಸು. ಸಾಲಿಗೆ ಅರ್ಥವೇನು ಅಂತ ಮೇಷ್ಟ್ರೂ ಕೇಳುತ್ತಿರಲಿಲ್ಲ, ಮೌಲ್ಯಮಾಪಕರೂ ಕೇಳುತ್ತಿರಲಿಲ್ಲ. ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಓದುವಾಗಲೂ ಅಷ್ಟೇ, ನೋಟ್ಸು ಬಾಯಿಪಾಠ, ಬಾಯಿಪಾಠವೇ ಉತ್ತರ. ಹೃದಯದ ನಾಲ್ಕು ಕೋಣೆಗಳನ್ನು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸುವ ಹುಡುಗಿಗೆ ಇಂಗ್ಲಿಷಿನ ಒಂದು ಪುಟ ಪತ್ರಿಕೆ ಓದಲು ಬರುತ್ತಿತ್ತೋ ಇಲ್ಲವೋ ಕಾಲೇಜಿಗೆ ಬೇಕಾಗಿರಲಿಲ್ಲ.

ಓಇಟಿ ಪ್ರಶ್ನೆಪತ್ರಿಕೆ ಮಾಡುವವರಿಗೆ ಈ ಗೆರೆ ಎಳೆಯುವ ವಿದ್ಯೆ ಚೆನ್ನಾಗಿ ಗೊತ್ತು. ಅವರು ಬಲೆ ಹಾಕುವುದೇ ಅಲ್ಲಿ. ಪ್ಯಾಸೇಜಿನ ಪದವನ್ನೇ ಹೊತ್ತುಕೊಂಡು ಕೂತಿರುವ ಆಯ್ಕೆ ಬಹುಮಟ್ಟಿಗೆ ತಪ್ಪು. ಸರಿಯಾದದ್ದು ಬೇರೆಯೇ ಪದಗಳಲ್ಲಿ, ಗುರುತು ಸಿಗದಂತೆ, ಪಕ್ಕದಲ್ಲಿ ಸುಮ್ಮನೆ ಇರುತ್ತದೆ. ಹೀಗಾಗಿ ಕೋಚಿಂಗಿನವರು ದುಡ್ಡು ತೆಗೆದುಕೊಂಡು ಹೇಳಿಕೊಡುತ್ತಿದ್ದದ್ದು ಬಲೆಗೆ ನೆಟ್ಟಗೆ ನಡೆದುಹೋಗುವ ದಾರಿಯನ್ನು. ಇದರಿಂದ ಹೊರಬರುವ ದಾರಿ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. ಮಾಗಡಿಯಲ್ಲಿ, ಜೆರಾಕ್ಸ್ ಅಂಗಡಿ ಪಕ್ಕದ ಒಂದು ಟೇಬಲ್ಲಿನ ಮುಂದೆ.

ಮಾವ ಪತ್ರಬರಹಗಾರರು. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಲೈಸೆನ್ಸ್ ಇಟ್ಟುಕೊಂಡು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವವರು. ಎಲ್ಲ ಕಂಪ್ಯೂಟರಾದ ಮೇಲೆ ಅವರ ಕೈಬರಹಕ್ಕೆ ಬೆಲೆ ಹೋಯಿತು, ಓದಿಗೆ ಹೋಗಲಿಲ್ಲ. ಹಳೇ ಪತ್ರ ಹಿಡಿದುಕೊಂಡು ಜನ ಈಗಲೂ ಅವರ ಹತ್ತಿರವೇ ಬರುತ್ತಾರೆ. ಪತ್ರ ಕೈಗೆ ಕೊಟ್ಟರೆ ಅವರು ಮೊದಲು ತಿರುಗಿಸುವುದು ಕೊನೆಯ ಹಾಳೆಗೆ, ಷೆಡ್ಯೂಲಿಗೆ. ಸರ್ವೆ ನಂಬರು, ಎಕರೆ, ಗುಂಟೆ, ಖರಾಬು ಸೇರಿಯೋ ಬಿಟ್ಟೋ, ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಹಳ್ಳವೋ ಬಂಡಿದಾರಿಯೋ. ಇಷ್ಟರಲ್ಲಿ ಪತ್ರ ತಂದವರು ಕಥೆ ಹೇಳತೊಡಗಿರುತ್ತಾರೆ: ಹುಣಸೆಮರ ನಮ್ಮ ತಾತ ನೆಟ್ಟದ್ದು, ಊರಿಗೆಲ್ಲ ಗೊತ್ತು. ಮಾವ ಕನ್ನಡಕದ ಮೇಲಿಂದ ನೋಡಿ, "ಊರಿಗೆ ಗೊತ್ತಿರಬೋದು ಕಣಪ್ಪ, ಕಾಗದಕ್ಕೆ ಗೊತ್ತಾ ಅಂತ ನೋಡ್ತಾ ಇದೀನಿ" ಅನ್ನುತ್ತಾರೆ.

ಅಭ್ಯಾಸದ ಹಾಳೆಗಳನ್ನು ಜೆರಾಕ್ಸ್ ಮಾಡಿಸಲು ಹೋದವಳು ಒಂದು ಮಧ್ಯಾಹ್ನ ಅವರ ಬೆಂಚಿನ ಮೇಲೆ ಕೂತು ಬಿ ಭಾಗ ಬಿಡಿಸುತ್ತಿದ್ದೆ. ಈ ಭಾಗದಲ್ಲಿ ಆರು ಚಿಕ್ಕ ಚಿಕ್ಕ ತುಣುಕು, ತುಣುಕಿಗೊಂದು ಪ್ರಶ್ನೆ, ಮೂರು ಆಯ್ಕೆ. ಆಸ್ಪತ್ರೆಯ ಸುತ್ತೋಲೆ, ಯಂತ್ರದ ಕೈಪಿಡಿ, ನಿಯಮ, ಇಂಥವು. ಅವತ್ತಿನದು ಸಿರಿಂಜ್ ಪಂಪಿನ ಬಗ್ಗೆ. ಪಂಪು ಬಳಸಿದ ಮೇಲೆ ಉಪಕರಣಗಳ ಕೋಣೆಗೆ ವಾಪಸು ಹೋಗಬೇಕು. ಆದರೆ ಔಷಧಿ ಓಡುತ್ತಿರುವಾಗಲೇ ರೋಗಿಯನ್ನು ಬೇರೆ ವಾರ್ಡಿಗೆ ಕಳಿಸಿದರೆ ಪಂಪೂ ಜೊತೆಗೆ ಹೋಗಲಿ, ಆಗ ಬರಮಾಡಿಕೊಂಡ ವಾರ್ಡಿನವರು ಆ ಕೋಣೆಗೆ ತಿಳಿಸತಕ್ಕದ್ದು. ಪ್ರಶ್ನೆ: ರೋಗಿ ವಾರ್ಡು ಬದಲಾಯಿಸಿದಾಗ ತಿಳಿಸಬೇಕಾದವರು ಯಾರು?

ನಮ್ಮ ಆಸ್ಪತ್ರೆಯಲ್ಲಿ ಕಳಿಸುವವರೇ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕಿತ್ತು. ಅದು ಎಷ್ಟು ಸಲ ಮಾಡಿದ ಕೆಲಸ! ಕೈ ತಾನಾಗಿಯೇ ಆ ಆಯ್ಕೆಯ ಕಡೆ ಹೋಗಿತ್ತು. "ಅದೇನಮ್ಮಿ, ಇಂಗ್ಲಿಷ್ ಕ್ರಯಪತ್ರಾನಾ?" ಅಂತ ಮಾವ ಕೇಳಿದರು. ಕನ್ನಡದಲ್ಲಿ ಹೇಳಿದೆ, ನನ್ನ ಉತ್ತರವನ್ನೂ ಹೇಳಿದೆ.

"ಇನ್ನೊಂದ್ ಸಲ ಹೇಳು. ಕಾಗದದಲ್ಲಿ ಇರೋದನ್ನ ಮಾತ್ರ ಹೇಳು."

ಹೇಳಿದೆ.

"ಬರಮಾಡ್ಕೊಂಡೋರು ಅಂತ ಐತಲ್ಲ. ನೀನ್ಯಾಕೆ ಕಳಿಸ್ದೋರು ಅಂತೀಯ?"

"ಎಲ್ಲ ಕಡೇನೂ ಕಳಿಸ್ದೋರೆ ಮಾವ ಹೇಳೋದು."

"ಎಲ್ಲ ಕಡೆ ಇರ್ಲಿ. ಇದನ್ನ ಬರೆದೋನು ನಿಮ್ಮ ಆಸ್ಪತ್ರೆ ನೋಡವ್ನಾ?"

ಅಲ್ಲಿಂದ ಮುಂದೆ ಬಿ ಭಾಗಕ್ಕೆ ನಾನು ಬೇರೆ ಗುರು ಹುಡುಕಲಿಲ್ಲ. ವಾರಕ್ಕೊಮ್ಮೆ ಮಾಗಡಿ ಬಸ್ಸು ಹತ್ತಿ ಹೋಗುತ್ತಿದ್ದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದೊಂದೇ ತುಣುಕನ್ನು ಕನ್ನಡದಲ್ಲಿ ಹೇಳುವುದು, ಮಾವ ಅದನ್ನು ಪತ್ರ ಓದಿದಂತೆ ಬಿಡಿಸುವುದು. ಎಲ್ಲಿ 'ಹೊರತುಪಡಿಸಿ' ಬಂತು, ಎಲ್ಲಿ 'ಆದ ಪಕ್ಷದಲ್ಲಿ' ಬಂತು, ಎಲ್ಲಿ ಒಂದು ಷರತ್ತು ಇಡೀ ವಾಕ್ಯದ ಬಾಲ ಹಿಡಿದುಕೊಂಡು ಬಂತು, ಇವೇ ಅವರಿಗೆ ಕಾಣುತ್ತಿದ್ದದ್ದು. ಉಳಿದದ್ದೆಲ್ಲ ಅವರ ಲೆಕ್ಕದಲ್ಲಿ ಅಲಂಕಾರ. ಪರೀಕ್ಷೆ 12 ಬಗೆಯ ವೃತ್ತಿಗಳಿಗಿದೆ, ಬರವಣಿಗೆ ಮತ್ತು ಮಾತು ಮಾತ್ರ ಅವರವರ ಕಸುಬಿಗೆ ತಕ್ಕಂತೆ, ಓದುವುದು ಎಲ್ಲರಿಗೂ ಒಂದೇ ಎಂದಾಗ ಅವರಿಗೆ ನಗು. "ಹಂಗಾರೆ ದನದ ಡಾಕ್ಟ್ರೂ ಇದನ್ನೇ ಓದ್ಬೇಕಾ?" ಹೌದು, ದನದ ಡಾಕ್ಟರೂ ಇದನ್ನೇ ಓದಬೇಕು.

ಪರೀಕ್ಷೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಗೊತ್ತಿರುವುದನ್ನು ಬದಿಗಿಟ್ಟು ಎದುರಿಗಿರುವುದನ್ನು ಓದು ಎನ್ನುವುದು ನರ್ಸಿಗೆ ಕೇಳಬಾರದ ಪ್ರಶ್ನೆಯೇನಲ್ಲ. ಡ್ರಗ್ ಚಾರ್ಟಿನಲ್ಲಿ ಡೋಸು ಬದಲಾಗಿರುವುದನ್ನು, ನಿನ್ನೆ ಕೊಟ್ಟ ಅಭ್ಯಾಸಬಲದಿಂದ ಓದದೇ ಕೊಡುವುದು ನಮ್ಮ ಕೆಲಸದಲ್ಲಿ ಎಲ್ಲರೂ ಹೆದರುವ ಸಂಗತಿ. ಆದರೆ ಅದೇ ನರ್ಸು ಚಾರ್ಟಿನಲ್ಲಿ ಇಲ್ಲದ್ದನ್ನೂ ಓದಬೇಕು: ರೋಗಿ ಚೆನ್ನಾಗಿದ್ದೀನಿ ಅಂದರೂ ಬೆವರುತ್ತಿರುವುದನ್ನು. ಆ ಓದಿಗೆ 42 ಪ್ರಶ್ನೆಗಳಲ್ಲಿ ಜಾಗವಿಲ್ಲ.

ನಮ್ಮೂರಿನಲ್ಲೇ ಒಂದು ಓದಿನ ಕಥೆ ನಡೆದಿತ್ತು, ಮಾವ ಅದನ್ನು ಆಗಾಗ ಎತ್ತುತ್ತಿದ್ದರು. ಊರಿನ ಹಳೇ ಕಲ್ಲುಗೋಪುರ ನಾವು ಹುಟ್ಟಿದಾಗಿನಿಂದ ಅಲ್ಲೇ ಇತ್ತು. ಅದರ ಮೇಲೆ ಅಕ್ಷರಗಳಿದ್ದದ್ದೂ ಹೊಸದಲ್ಲ. 2015ರ ಮಾರ್ಚಿನಲ್ಲಿ ಸಂಶೋಧಕ ಪ್ರಶಾಂತ್ ಮಾರೂರು ಅದನ್ನು ಗುರುತಿಸಿ, ಬಲ್ಲವರು ಬರಹ ಓದಿದಾಗ, ಅದು ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿ ಎಂದು ಲೋಕಕ್ಕೆ ಗೊತ್ತಾಯಿತು. ಕುಣಿಗಲ್ ಕಡೆಯಿಂದ ಹಿಂದಿರುಗುವಾಗ ಅವರು ತೀರಿಕೊಂಡ ಜಾಗ ಇದು ಎನ್ನುವುದು ಆ ಬರಹದ ಸಾರ. ಅವರು ತೀರಿಕೊಂಡ ವರ್ಷ 1569 ಎನ್ನುತ್ತಾರೆ. ನಾನೂರ ಚಿಲ್ಲರೆ ವರ್ಷ ಬಯಲಲ್ಲೇ ಇದ್ದ ಪ್ಯಾಸೇಜು, ಓದುವವರು ಬಂದಿರಲಿಲ್ಲ ಅಷ್ಟೇ.

ಮಾವನಿಗೆ ರುಚಿಸುತ್ತಿದ್ದದ್ದು ಮಾತ್ರ ಅದಾದ ಮೇಲಿನ ಕಥೆ. ಮಂತ್ರಿಗಳು ಬಂದರು, ಟಿವಿಯವರು ಬಂದರು, ಅಭಿವೃದ್ಧಿಯ ಯೋಜನೆಗಳು ಬಂದವು. ಜೊತೆಗೆ ಊರಿನಲ್ಲಿ ಪ್ರತಿಯೊಬ್ಬರಿಗೂ ಎಲ್ಲವೂ ಮೊದಲೇ ಗೊತ್ತಿತ್ತು ಅಂತಾಯಿತು. ಗೌಡರ ಕುದುರೆ ಯಾವ ಬಣ್ಣ, ಯಾರು ಯಾವ ಪೊದೆ ಹಿಂದೆ ಅಡಗಿದ್ದರು, ಕೊನೆಗೆ ಅವರು ಯಾರ ಕೈಲಿ ನೀರು ಕುಡಿದರು, ಎಲ್ಲ. "ಕಲ್ಲು ಹೇಳೋದು ಇಷ್ಟೇ," ಅಂತ ಮಾವ ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸುತ್ತಿದ್ದರು, "ನಮ್ಮೋರು ಹೇಳೋದು ಇಷ್ಟು," ಅಂತ ಎರಡೂ ತೋಳು ಅಗಲಿಸುತ್ತಿದ್ದರು. ಹಳೇ ಶಾಸನಗಳಲ್ಲಿ ಬರುವ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಂಬ ಸಾಲು ಅವರು ಬರೆಯುವ ಕ್ರಯಪತ್ರದಲ್ಲೂ ಇವತ್ತಿಗೂ ಬರುತ್ತದೆ. ಹಾಗಾಗಿ ಕಲ್ಲು ಕೆತ್ತಿದವನನ್ನು ಅವರು ತಮ್ಮ ಕಸುಬಿನ ಹಿರಿಯ ಅಂತಲೇ ಲೆಕ್ಕ ಇಟ್ಟಿದ್ದರು. ಅವನ ಮಾತಿಗೆ ಇನ್ನೊಂದು ಮಾತು ಸೇರಿಸಿದರೆ ಅವರಿಗೆ ತಡೆಯುತ್ತಿರಲಿಲ್ಲ.

ಎ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ವಿಷಯದ ಮೇಲೆ ನಾಲ್ಕು ಕಾಗದ, 15 ನಿಮಿಷ, 20 ಪ್ರಶ್ನೆ. ಗಡಿಬಿಡಿಯಲ್ಲಿ ಫೈಲು ತಿರುವಿ ಬೇಕಾದ್ದನ್ನು ಹೆಕ್ಕುವುದು ವಾರ್ಡಿನ ನರ್ಸಿಗೆ ಯಾರೂ ಕಲಿಸಬೇಕಿಲ್ಲ. ಒಂದೇ ತೊಡಕೆಂದರೆ ಕಾಗುಣಿತ. ಪ್ಯಾರಾಸಿಟಮಾಲ್ ಮಿತಿಮೀರಿ ನುಂಗಿದವರಿಗೆ ಕೊಡುವ ಅಸಿಟೈಲ್‌ಸಿಸ್ಟೀನನ್ನು ನಾವು ಜೀವಮಾನವಿಡೀ ಎನ್‌ಎಸಿ ಅಂತಲೇ ಬರೆದವರು. ಕಾಗದದಲ್ಲಿ ಪೂರ್ತಿ ಹೆಸರಿದ್ದರೆ ಪೂರ್ತಿ ಹೆಸರೇ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ ಬರೆಯಬೇಕು. ಇದಕ್ಕಾಗಿ ಔಷಧಿಗಳ ಹೆಸರನ್ನು ಮಗುವಿನ ಕಾಪಿ ಪುಸ್ತಕದಲ್ಲಿ ಬರೆದು ಬರೆದು ಅಭ್ಯಾಸ ಮಾಡಿದೆ. ಎಲ್‌ಕೆಜಿಗೆ ಸೇರಬೇಕಿದ್ದ ಮಗಳೂ ಎದುರಿಗೆ ಕೂತು ಗೀಚಿದಳು.

ಕಷ್ಟವಿದ್ದದ್ದು ಸಿ ಭಾಗದಲ್ಲಿ. ಎರಡು ಉದ್ದದ ಲೇಖನ, ಒಂದೊಂದಕ್ಕೆ ಎಂಟು ಪ್ರಶ್ನೆ. ಸುತ್ತೋಲೆಯಲ್ಲ, ಯಾರೋ ಒಬ್ಬ ಡಾಕ್ಟರೋ ಸಂಶೋಧಕರೋ ಪತ್ರಕರ್ತರೋ ಅಭಿಪ್ರಾಯ ಇಟ್ಟುಕೊಂಡು ಬರೆದದ್ದು. ಆ ಅಭಿಪ್ರಾಯವನ್ನು ಎಲ್ಲೂ ನೇರವಾಗಿ ಹೇಳಿರುವುದಿಲ್ಲ. ಮೊದಲ ತೊಂದರೆ ವಾಕ್ಯದ್ದು. ನಮ್ಮ ಕನ್ನಡದಲ್ಲಿ ಆಯಿತೋ ಇಲ್ಲವೋ ಅನ್ನುವುದು ಕೊನೆಗೆ ಬಂದು ಕೂರುತ್ತದೆ, ನಾವು ಅಲ್ಲಿಯವರೆಗೆ ಉಸಿರು ಹಿಡಿದು ಕಾಯುತ್ತೇವೆ. ಇಂಗ್ಲಿಷಿನಲ್ಲಿ 'ಇಲ್ಲ' ಶುರುವಿನಲ್ಲೇ ಸಣ್ಣದಾಗಿ ಬಂದು ಹೋಗಿಬಿಟ್ಟಿರುತ್ತದೆ. ನಾಲ್ಕು ಸಾಲಿನ ವಾಕ್ಯ ಮುಗಿಯುವ ಹೊತ್ತಿಗೆ ಕೊನೆಯಲ್ಲಿ ಏನೂ ಸಿಗದೆ, ಅವರು ಹೌದು ಅಂದಿದ್ದಾರೆ ಅಂತಲೇ ಮನಸ್ಸು ಗಂಟು ಕಟ್ಟಿಕೊಳ್ಳುತ್ತದೆ. ಇದಕ್ಕೆ ಮದ್ದು ನಿಧಾನ. ಪ್ರತಿ ವಾಕ್ಯದ ತಲೆಯನ್ನು ಪೆನ್ಸಿಲ್ಲಿನಿಂದ ಮುಟ್ಟಿ ಮುಂದೆ ಹೋಗುವುದು. ಕೋಚಿಂಗಿನಲ್ಲಿ ಕಣ್ಣಾಡಿಸು, ಕಣ್ಣಾಡಿಸು ಅಂತ ಹೇಳಿದ್ದನ್ನು ಇಲ್ಲಿ ಪೂರ್ತಿ ಬಿಡಬೇಕಾಯಿತು.

ಎರಡನೆಯದು ಬರೆದವರ ಮನಸ್ಸು. ಇಲ್ಲಿ ಮಾವ ಪ್ರಯೋಜನಕ್ಕೆ ಬರಲಿಲ್ಲ. "ಬರೆದಿಲ್ಲ ಅಂದ್ಮೇಲೆ ಇಲ್ಲ," ಅನ್ನುವುದು ಅವರ ಕಾಯಿದೆ. ನೆರವಾದದ್ದು ಅವ್ವ, ಹುಳದ ಮನೆಯಲ್ಲಿ.

ಹುಳ ಹಣ್ಣಾಗಿದ್ದವು. ಹಣ್ಣಾದದ್ದನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ಎಲ್ಲರ ಕೈಯೂ ಬೇಕು. ಪುಸ್ತಕ ಮಡಿಸಿಟ್ಟು ಹೋದೆ, ಬೆಳಿಗ್ಗೆ ಓದಿದ ಲೇಖನ ಮಾತ್ರ ತಲೆಯಲ್ಲೇ ಇತ್ತು. ರಾತ್ರಿ ವಾರ್ಡಿನ ದೀಪ ಕಡಿಮೆ ಮಾಡಿದರೆ ರೋಗಿಗಳು ಬೇಗ ಚೇತರಿಸಿಕೊಳ್ಳುತ್ತಾರೆ ಎಂಬ ಅಧ್ಯಯನದ ಬಗ್ಗೆ ಒಬ್ಬಾಕೆ ಬರೆದದ್ದು. ಕೋಚಿಂಗಿನವರೇ ಎಲ್ಲಿಂದಲೋ ತೆಗೆದು ಹೊಲಿದ ಹಾಳೆ. ಕೈ ಹುಳ ಎತ್ತುತ್ತಿದ್ದಂತೆ ಅವ್ವನಿಗೆ ಕಥೆಯಂತೆ ಹೇಳಿದೆ: ಅಧ್ಯಯನ ಮಾಡಿದವರು ತುಂಬ ಕಷ್ಟಪಟ್ಟಿದ್ದಾರೆ ಅಂತ ಬರೀತಾಳೆ, ಅವರ ಉತ್ಸಾಹ ನೋಡಿ ಸಂತೋಷ ಅಂತಾಳೆ, ಆಮೇಲೆ ಆ ಆಸ್ಪತ್ರೆಯಲ್ಲಿ ಒಬ್ಬ ನರ್ಸಿಗೆ ನಾಲ್ಕೇ ರೋಗಿ ಅಂತ ಹೇಳಿ, ಬೇರೆ ವಿಷಯಕ್ಕೆ ಹೋಗ್ತಾಳೆ.

"ಅವ್ಳಿಗೆ ನಂಬ್ಕೆ ಬಂದಿಲ್ಲ ಬಿಡು," ಅಂದರು ಅವ್ವ.

"ಹಂಗಂತ ಬರೆದಿಲ್ಲವಲ್ಲ."

"ಮತ್ತೆ ನಾಲ್ಕೇ ಜನ ರೋಗಿ ಅಂತ ಯಾಕ್ ಹೇಳಿದ್ಲು? ನೀನೇ ಹೇಳ್ತಿದ್ದೆ, ನಿಮ್ಮಲ್ಲಿ ಒಬ್ಬೊಬ್ಬರಿಗೆ ಹದಿನೈದು ಅಂತ. ದೀಪದಿಂದ ವಾಸಿ ಆಯ್ತೋ, ನೋಡ್ಕೊಂಡಿದ್ದರಿಂದ ಆಯ್ತೋ?"

ಅವ್ವ ಶಾಲೆಗೆ ಹೋದವರಲ್ಲ ಅಂತ ಇದನ್ನು ಹೇಳುತ್ತಿಲ್ಲ. ಅವರು ಏಳನೇ ಕ್ಲಾಸು ಪಾಸು, ಪೇಪರನ್ನು ಜಾಹೀರಾತು ಸಮೇತ ಓದುತ್ತಾರೆ. ಆದರೆ ಅವರ ಓದು ನಿಜವಾಗಿ ಪಳಗಿದ್ದು ಸಂಬಂಧ ಕೇಳಿಕೊಂಡು ಬಂದವರ ಮುಂದೆ. ಹುಡುಗಿ ಲಕ್ಷಣವಾಗಿದ್ದಾಳೆ, ಮನೆ ಚೆನ್ನಾಗಿದೆ, ಕಾಫಿ ಚೆನ್ನಾಗಿದೆ ಅಂತ ಮೂರು ಸಲ ಹೊಗಳಿ ಎದ್ದವರು ಮತ್ತೆ ಬರುವುದಿಲ್ಲ ಅನ್ನುವುದು ಅವ್ವನಿಗೆ ಅವರು ಚಪ್ಪಲಿ ಮೆಟ್ಟುವ ಮೊದಲೇ ಗೊತ್ತಾಗುತ್ತದೆ. ಹೊಗಳಿಕೆಯಲ್ಲ, ಹೊಗಳಿಕೆ ಆದ ಮೇಲೆ ಏನನ್ನು ಪಕ್ಕಕ್ಕೆ ತಂದಿಟ್ಟರು ಅನ್ನುವುದನ್ನು ನೋಡಬೇಕು. ಸಿ ಭಾಗ ಪೂರ್ತಿ ಇದೇ. ಅಂದಿನಿಂದ ಓದಿದ ಪ್ರತಿ ಲೇಖನವನ್ನೂ ಅವ್ವನಿಗೆ ಒಪ್ಪಿಸುವುದು ರೂಢಿಯಾಯಿತು. ಒಪ್ಪಿಸಲು ಬಾರದ ಪ್ಯಾರಾ ಅಂದರೆ ನನಗೆ ಅರ್ಥವಾಗದ ಪ್ಯಾರಾ ಅಂತಲೇ ಲೆಕ್ಕ. ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಇವತ್ತು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ: ಇಂಗ್ಲಿಷ್ ಪ್ಯಾಸೇಜನ್ನು ಇಂಗ್ಲಿಷ್ ಬಾರದವರಿಗೆ ನಿಮ್ಮ ಮಾತಿನಲ್ಲಿ ಹೇಳಿ, ಅವರು ಕೇಳುವ ಪ್ರಶ್ನೆಗೆ ಉತ್ತರ ಸಿಗುತ್ತದೋ ನೋಡಿ.

ತಮಾಷೆಯೆಂದರೆ ಬಿ ಭಾಗಕ್ಕೆ ಮಾವನ ಓದು ಬೇಕು, ಸಿ ಭಾಗಕ್ಕೆ ಅವ್ವನದು. ಅಣ್ಣತಂಗಿ ಇಬ್ಬರದೂ ಎಣ್ಣೆ ಸೀಗೆಕಾಯಿ. ಪರೀಕ್ಷೆಯಲ್ಲಿ ಈ ಎರಡಕ್ಕೂ ಸೇರಿ 45 ನಿಮಿಷ. ಯಾವ ಪ್ರಶ್ನೆಗೆ ಯಾರನ್ನು ಕರೆಯಬೇಕು ಅಂತ ಪತ್ರಿಕೆ ಹೇಳುವುದಿಲ್ಲ. ಸಿ ಭಾಗದಲ್ಲೂ ನಡುನಡುವೆ ಒಂದೆರಡು ಪ್ರಶ್ನೆ ಮಾವನವು ಬಂದು ನುಸುಳಿಕೊಂಡಿರುತ್ತವೆ. ಆಗ ಅವ್ವನ ಹಾಗೆ ಓದಿದರೆ ಕೆಟ್ಟಂತೆ. ನನ್ನ ಅಭ್ಯಾಸದ ಕೊನೆಯ ಹಂತ ಪೂರ್ತಿ ಇದಕ್ಕೇ ಹೋಯಿತು: ಉತ್ತರಿಸುವ ಮೊದಲು ಪ್ರಶ್ನೆ ಯಾರದು ಅಂತ ಅಂಚಿನಲ್ಲಿ 'ಮಾ' ಅಥವಾ 'ಅ' ಅಂತ ಬರೆಯುವುದು.

ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಮಾವ ಇನ್ನೊಂದು ಉಪಕಾರ ಮಾಡಿದರು. ನಮ್ಮ ಕಡೆಯವರ ಇನಿಷಿಯಲ್ಲಿನ ಕಥೆ ಗೊತ್ತಲ್ಲ. ನನ್ನ ಹೆಸರಿನ ಜೊತೆಗಿರುವ 'ಕೆ' ಎಂದರೆ ಕೆಂಪಾಪುರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟಿನಲ್ಲಿ ಬರೀ ಕೆ. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆಯಬೇಕೆಂದಾಗ ಊರೇ ನನ್ನ ಸರ್‌ನೇಮ್ ಆಗಿಬಿಟ್ಟಿತ್ತು. ಪರೀಕ್ಷೆಯವರಿಗೆ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು ಬೇಕು, ಮುಂದೆ ಎನ್‌ಎಂಸಿಗೆ ಕಾಗದಗಳೆಲ್ಲ ಹೊಂದಿಕೆಯಾಗಬೇಕು. ಮಾವ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು, "ಇದರ ಪ್ರಕಾರ ನೀನು ಇಬ್ಬರಿದ್ದೀಯ," ಅಂದರು. ಇಬ್ಬರೂ ಒಬ್ಬಳೇ ಎಂದು ಅವರೇ ಅಫಿಡವಿಟ್ ಬರೆದು, ನೋಟರಿಯ ಹತ್ತಿರ ಕರೆದುಕೊಂಡು ಹೋದರು. ಇದನ್ನು ಮಾಡಿಸದೆ ಆಮೇಲೆ ತಿಂಗಳುಗಟ್ಟಲೆ ಅಲೆದ ಗೆಳತಿಯರಿದ್ದಾರೆ.

ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ನನ್ನನ್ನು ಮಿಸ್ ಕೆಂಪಾಪುರ ಅಂತ ಕರೆದರು. ಪಕ್ಕದಲ್ಲಿದ್ದ ಹುಡುಗಿ, ಹೆಬ್ಬಾಳದ ಹತ್ತಿರಾನಾ ಅಂತ ಕೇಳಿದಳು. ಕಂಪ್ಯೂಟರಿನಲ್ಲಿ ಬರೆಯುವ ಅವಕಾಶವಿದ್ದರೂ ನಾನು ಕಾಗದದ ಪರೀಕ್ಷೆಯನ್ನೇ ಆರಿಸಿಕೊಂಡಿದ್ದೆ, ಪೆನ್ಸಿಲ್ ಇಲ್ಲದೆ ನನಗೆ ವಾಕ್ಯದ ತಲೆ ಸಿಗುತ್ತಿರಲಿಲ್ಲ. 15 ನಿಮಿಷಕ್ಕೆ ಸರಿಯಾಗಿ ಎ ಭಾಗದ ಹಾಳೆಗಳನ್ನು ಕೈಯಿಂದ ಎತ್ತಿಕೊಂಡರು. ಎದುರು ಸಾಲಿನಲ್ಲಿ ಒಬ್ಬಾಕೆ ಅರ್ಧ ಪದ ಬರೆದಿದ್ದವಳು ಹಾಗೇ ಪೆನ್ಸಿಲ್ ಹಿಡಿದು ಕೂತಿದ್ದಳು. ಉಳಿದ 45 ನಿಮಿಷ ಹೋದದ್ದು ಗೊತ್ತಾಗಲಿಲ್ಲ. ಓದಿನಲ್ಲಿ ಬಿ ಬಂತು. ಅದಾದ ಮೇಲೆ ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ, ವೀಸಾ, ಇಲ್ಲಿ ಬ್ರಿಟನ್ನಿಗೆ ಬಂದು ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಅವುಗಳ ಕಥೆ ಬೇರೆ, ಅಷ್ಟು ಸ್ವಾರಸ್ಯದ್ದೂ ಅಲ್ಲ.

ಇತ್ತೀಚಿನ ವರ್ಷಗಳಲ್ಲಿ ಹೊರದೇಶಗಳಿಂದ ಬಂದು ಎನ್‌ಎಂಸಿ ಪಟ್ಟಿಗೆ ಸೇರುವವರಲ್ಲಿ ನಮ್ಮ ದೇಶದವರೇ ಮುಂದು. ಆದರೆ ವಾರ್ಡಿನಲ್ಲಿ ಕನ್ನಡ ಮಾತಾಡಲು ನನಗೆ ಸಿಕ್ಕಿದ್ದು ಒಬ್ಬಳೇ, ಶಿರಸಿಯ ಕಡೆಯವಳು. ಔಷಧಿ ಕೋಣೆಯ ಗೋಡೆಗೆ ಪ್ರತಿ ವಾರ ಹೊಸ ಸುತ್ತೋಲೆ ಅಂಟಿಸುತ್ತಾರೆ. ಎಲ್ಲವೂ ಬಿ ಭಾಗದ ಪ್ರಶ್ನೆಗಳೇ. ಅವಳೂ ನಾನೂ ಟೀ ಕುಡಿಯುತ್ತಾ, ಇದು ಯಾರ ತಲೆಗೆ ಕಟ್ಟಿರೋ ಕೆಲಸ ಅಂತ ಬಿಡಿಸಿ ನೋಡುತ್ತೇವೆ.

ಮಾವ ಭಾನುವಾರ ಫೋನು ಮಾಡುತ್ತಾರೆ. ಮಗಳ ಶಾಲೆ, ಚಳಿ, ಅವರೆಕಾಯಿ ಸಿಗುತ್ತದಾ ಅಂತೆಲ್ಲ ಆದ ಮೇಲೆ ಮಾತು ಆ ದೀಪದ ಪ್ಯಾಸೇಜಿಗೆ ಬರುತ್ತದೆ. ಕೀ ಉತ್ತರದಲ್ಲಿ, ಬರೆದಾಕೆಗೆ ಅಧ್ಯಯನದ ಬಗ್ಗೆ ಅನುಮಾನವಿದೆ ಅಂತಲೇ ಇತ್ತು, ಅವ್ವ ಹೇಳಿದಂತೆ. ಮಾವ ಅದನ್ನು ಇವತ್ತಿಗೂ ಒಪ್ಪಿಲ್ಲ. ಹೋದ ವಾರವೂ ಅದೇ: "ಅನುಮಾನ ಅಂತ ಒಂದು ಕಡೆ ಬರೆದವ್ಳಾ ತೋರ್ಸು. ನಾಲ್ಕು ಜನ ರೋಗಿ ಅಂದ್ಲು, ಅಷ್ಟೇ. ನಿಮ್ಮವ್ವ ಸೇರಿಸ್ಕೊಂಡವ್ಳೆ." ಹಿಂದಿನಿಂದ ಅವ್ವ ಏನೋ ಕೂಗಿದರು. ಫೋನು ಸ್ಪೀಕರಿಗೆ ಹಾಕಿ ಅಂದೆ, ಇಬ್ಬರೂ ಒಟ್ಟಿಗೆ ಶುರುಮಾಡಿದರು, ನನಗೆ ಡ್ಯೂಟಿಗೆ ಹೊತ್ತಾಗಿತ್ತು.